ಇಸೊನೆಯ ಎಡಗೈ

ಲುಲೆಯೊ
11 ಜನವರಿ 2025

ಪ್ರೀತಿಯ ಲಾವಣ್ಯಾ ಅಕ್ಕ,

ಮಾಲ್ಮೊದ ಪ್ರಕಾಶಕರ ಆಹ್ವಾನದ ಪ್ರತಿ ತಲುಪಿತು. ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ‘ಉಪ್ಪುಗೋಡೆ’ ಎಂಬ ಆ ಜಪಾನಿ ಚಿತ್ರಕಥೆ, ಆ ಮಾಂಗಾ, ಶುರುವಾಗಿ ಐವತ್ತು ವರ್ಷ. ಅದನ್ನು ಓದಿ ಬೆಳೆದ ಇಲ್ಲಿನ ಮಾಂಗಾ ಚಿತ್ರಕಾರರೆಲ್ಲ ಸೇರಿ ಆ ಸರಣಿಗೆ ಒಂದು ಗೌರವ ಸಂಪುಟ ತರುತ್ತಾರೆ, ಅದರಲ್ಲಿ ಎಂಟು ಪುಟ ನಮ್ಮಿಬ್ಬರದು. ವರ್ಷದ ಹಿಂದೆ ಸ್ಟಾಕ್‌ಹೋಮಿನ ರಾಜ್ಯೋತ್ಸವದಲ್ಲಿ ನಾನು ಕೋಟು ನೇತುಹಾಕುವ ಕೋಣೆಯಲ್ಲಿ ಅಡಗಿ ಗೀಚುತ್ತಿದ್ದಾಗ ನೀವು ಬಗ್ಗಿ ನೋಡಿ, “ಇದು ಇಸೊನೆ ಅಲ್ವಾ? ನಿಂಗೂ ಗೊತ್ತಾ ಇವ್ಳು?” ಎಂದು ಕೇಳದೇ ಇದ್ದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೌರವ ಎಂದರೆ ಕಾಲಿಗೆ ಬೀಳುವುದಲ್ಲ. ನಮ್ಮನ್ನು ಎಬ್ಬಿಸಿ ನಿಲ್ಲಿಸಿದ ಪುಸ್ತಕದ ಎದುರು ನಾವು ನಿಂತೇ ಮಾತಾಡಬೇಕು. ಆ ಕಥೆಯ ಇಸೊನೆ ಒಂಟಿ ಹುಡುಗಿ. ಕಡಲು ತಿನ್ನುವ ಉಪ್ಪಿನ ಗೋಡೆಯನ್ನು, ಒಂದು ಕತ್ತಿಯಿಂದ ಉಪ್ಪುಗಲ್ಲು ಕಡಿದು ಕಡಿದು, ಮತ್ತೆ ಕಟ್ಟುತ್ತಾಳೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಓರೆಬ್ರೂನ ಗ್ರಂಥಾಲಯದ ನೆಲದ ಮೇಲೆ ಕೂತು ಅವಳನ್ನು ಮೊದಲು ಕಂಡಾಗ ನನಗೆ ಒಂಬತ್ತು ವರ್ಷ. ಅವಳು ಕತ್ತಿ ಹಿಡಿದದ್ದು ಎಡಗೈಯಲ್ಲಿ. ನಾನು ಎಡಚಿ. ಮನೆಯಲ್ಲಿ ಅಮ್ಮ, “ಆ ಕೈಲಿ ಕುಂಕುಮ ತಗೋಬೇಡ, ಆ ಕೈಲಿ ಕೊಡ್ಬೇಡ, ಬಂದೋರು ಏನಂದ್ಕೋತಾರೆ” ಎನ್ನುತ್ತಿದ್ದಳು. ಪುಸ್ತಕದಲ್ಲಿ ಒಬ್ಬಳು ಅದೇ ಕೈಯಿಂದ ಊರು ಉಳಿಸುತ್ತಿದ್ದಳು. ನಾನು ಏನಾಗಿದ್ದೇನೋ ಅದರ ಬೇರು ಅಲ್ಲಿದೆ.

ಫೋನ್ ಯಾಕೆ ಇಟ್ಟುಕೊಳ್ಳುವುದಿಲ್ಲ ಎಂದು ಮತ್ತೆ ಕೇಳಿದ್ದೀರಿ. ಹರಿಹರದಿಂದ ಕೆಂಚಪ್ಪ ದೊಡ್ಡಪ್ಪ ಕಳಿಸಿದ ಕಿರುಹೊತ್ತಿಗೆಯೊಂದರಲ್ಲಿ ಹೀಗಿದೆ: ದುಡಿಯುವವರಿಂದ ಮೊದಲು ಕಸಿದದ್ದು ಹೊತ್ತು, ಈಗ ಕಸಿಯುತ್ತಿರುವುದು ಗಮನ. ನಾನು ನನ್ನದನ್ನು ಕೊಡುವುದಿಲ್ಲ. ನೀವು ನೀಲಿ ಪೆನ್ಸಿಲಿನಲ್ಲಿ ಬರೆದು ಅಂಚೆಗೆ ಹಾಕಿ, ನಾನು ಕಪ್ಪು ಇಂಕಿನಲ್ಲಿ ತಿದ್ದಿ ಅಂಚೆಗೆ ಹಾಕುತ್ತೇನೆ. ಮಾರ್ಚ್ ಹದಿನೈದರೊಳಗೆ ಪುಟಗಳು ಮಾಲ್ಮೊ ತಲುಪಬೇಕು. ನನಗೆ ಭಯವಾಗುತ್ತಿದೆ, ಅಕ್ಕ. ಉಳಿದವರೆಲ್ಲ ಕಲಾಶಾಲೆಗಳಲ್ಲಿ ಕಲಿತವರು. ಈ ಭಯವನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ.

ನಿಮ್ಮ
ಇಳಾ


ಸೊಲ್ಲೆಂಟುನಾ
22 ಜನವರಿ 2025

ಇಳಾ,

ಮೊದಲ ನಾಲ್ಕು ಪುಟಗಳ ಪೆನ್ಸಿಲ್ ಚಿತ್ರ ಇದರೊಳಗಿದೆ. ರಟ್ಟಿನ ನಡುವೆ ಇಟ್ಟಿದ್ದೇನೆ, ಮಡಚಬೇಡ. ಕಥೆ ನಾವು ಮಾತಾಡಿಕೊಂಡದ್ದೇ: ವಯಸ್ಸಾದ ಇಸೊನೆ ನಿಮ್ಮೂರಿನಂಥ ಒಂದು ಕಡಲಿಗೆ ಬರುತ್ತಾಳೆ. ಕಡಲು ಹೆಪ್ಪುಗಟ್ಟಿದೆ. ಅಲೆಯೇ ಇಲ್ಲ, ಕಾಯುವುದಕ್ಕೆ ಗೋಡೆಯೂ ಇಲ್ಲ. ನೆಲ ಎಲ್ಲಿ ಮುಗಿಯಿತು ಎಂದು ತಿಳಿಯದೆ ಹಿಮದ ಮೇಲೆ ನಡೆಯುತ್ತಾಳೆ.

ಓಂ ಡಾಗಿಸ್ ಶಿಶುವಿಹಾರಕ್ಕೆ ಹೋದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಬರೆಯುತ್ತೇನೆ. ನಾಲ್ಕು ವರ್ಷದವನನ್ನು ಅಲ್ಲಿನ ಟೀಚರ್ ಅಮ್ಮನಿಗೆ ಏನು ಕೆಲಸ ಎಂದು ಕೇಳಿದರಂತೆ. “ಮಮ್ಮ ರೀತಾರ್” ಎಂದಿದ್ದಾನೆ. ಅಮ್ಮ ಚಿತ್ರ ಬರೆಯುತ್ತಾಳೆ. ಐಟಿ ಅಂತ ಹೇಳಲೇ ಇಲ್ಲ ನೋಡು. ಮೂರು ವರ್ಷ ಈ ದೇಶದಲ್ಲಿ ನಾನು ಮಾಡಿದ್ದೆಲ್ಲ ಯಾರದೋ ಸರ್ವರ್‌ನೊಳಗೆ ಇದೆ. ನನ್ನ ಹೆಸರು ಅಚ್ಚಾಗಿ, ಇಲ್ಲಿನ ಲೈಬ್ರರಿಯ ಕಪಾಟಿನಲ್ಲಿ ಕೂರುವುದು ಈ ಎಂಟು ಪುಟ ಮಾತ್ರ. ನನಗೆ ಇದು ಎಷ್ಟು ಬೇಕಾಗಿದೆ ಎಂದು ನಿನ್ನಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲ.

ಆಫೀಸಿನಲ್ಲಿ ಮೀಟಿಂಗ್ ಮೇಲೆ ಮೀಟಿಂಗ್. ಮನೆಗೆ ಬಂದರೆ ನನ್ನ ಗಂಡಮಹಾಶಯ ಅವಿನಾಶ್ ನಮ್ಮ ಪತ್ರ ನೋಡಿ ರೇಗಿಸುತ್ತಾನೆ: “ಏನೇ ಇದು, ಬ್ಲಾಕ್ ಅಂಡ್ ವೈಟ್ ಪಿಚ್ಚರ್ ಲವ್ ಸ್ಟೋರಿ ಥರ? ಸ್ಟಾಂಪ್ ತರೋ ಕೆಲಸ ಮಾತ್ರ ನಂದು.”

ನಾನು ಇಸೊನೆಯನ್ನು ಓದಿದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಜಪಾನಿನ ಪುಟಗಳನ್ನು ಯಾರೋ ಸ್ಕ್ಯಾನ್ ಮಾಡಿ ಮೇಲೆ ಇಂಗ್ಲಿಷ್ ಅಂಟಿಸಿದ್ದರು. ಆರು ಜನ ಹುಡುಗಿಯರಿಗೆ ಒಂದೇ ಲ್ಯಾಪ್‌ಟಾಪ್. ಬಲದಿಂದ ಎಡಕ್ಕೆ ಓದುವುದನ್ನು ಕಲಿಯಲು ಒಂದು ವಾರ ಬೇಕಾಯಿತು. ಆ ಗೆರೆಯ ಓಟ ನನ್ನ ಕೈಯಲ್ಲಿ ಬಂದಿದೆಯೇ ನೋಡಿ ಹೇಳು.

ಲಾವಣ್ಯಾ


ಲುಲೆಯೊ
3 ಫೆಬ್ರವರಿ 2025

ಲಾವಣ್ಯಾ ಅಕ್ಕ,

ಪುಟಗಳು ಚೆನ್ನಾಗಿವೆ. ಹಿಮದ ಮೇಲಿನ ಆ ಖಾಲಿ ಚೌಕಕ್ಕೆ ಮತ್ತೆ ಮತ್ತೆ ಮರಳಿದೆ. ಆದರೆ ನಾನು ಇಂಕು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನೀವು ಅವಳ ಕತ್ತಿಯನ್ನು ಬಲಗೈಗೆ ಕೊಟ್ಟಿದ್ದೀರಿ.

ಮರೆತದ್ದೆಂದು ಮೊದಲು ಅಂದುಕೊಂಡೆ. ನಾಲ್ಕೂ ಪುಟದಲ್ಲಿ ಮರೆಯಲು ಸಾಧ್ಯವಿಲ್ಲ. ಯಾಕೆ ಹೀಗೆ ಮಾಡಿದಿರಿ? ಸಂಪಾದಕರಿಗೆ ಅಚ್ಚುಕಟ್ಟಾಗಿ ಕಾಣಲಿ ಎಂದೇ? ನನ್ನ ಅಮ್ಮ ಹನ್ನೆರಡು ವರ್ಷ ನನಗೆ ಮಾಡಿದ್ದನ್ನು ನೀವು ಒಂದು ಪೆನ್ಸಿಲಿನಿಂದ ಇಸೊನೆಗೆ ಮಾಡಿದ್ದೀರಿ. ಗೌರವದ ಹೆಸರಿನಲ್ಲಿ ತಿದ್ದುವುದು ಅತಿ ಹಳೆಯ ದಬ್ಬಾಳಿಕೆ. ಸತ್ತ ಬಂಡಾಯಗಾರರಿಗೆಲ್ಲ ಹೀಗೆಯೇ ಶಾಲು ಹೊದಿಸಿ ಸಭ್ಯರನ್ನಾಗಿ ಮಾಡಿದ್ದಾರೆ.

ಕಟುವಾಗಿ ಬರೆದಿದ್ದೇನೆ, ಗೊತ್ತು. ಬೇರೆ ಯಾರಾದರೂ ಮಾಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಉಳಿದ ನಾಲ್ಕು ಪುಟಗಳಲ್ಲಿ ಕೈ ಸರಿಪಡಿಸಿ ಕಳಿಸಿ.

ಇಳಾ


ಸೊಲ್ಲೆಂಟುನಾ
13 ಫೆಬ್ರವರಿ 2025

ಇಳಾ,

ಉಳಿದ ನಾಲ್ಕು ಪುಟ ಇವು. ನಿನ್ನ ಪತ್ರ ಬರುವ ಹೊತ್ತಿಗೆ ಬರೆದು ಮುಗಿಸಿದ್ದೆ, ಕೈ ಹಾಗೆಯೇ ಇದೆ. ನಾನು ಇಸೊನೆಯ ಎಡಗೈಯಲ್ಲಿ ಕತ್ತಿಯನ್ನು ಯಾವತ್ತೂ ನೋಡಿಲ್ಲ ಕಣೆ. ನಿನಗೆ ಖಾತ್ರಿ ಇದೆಯಾ? ಒಮ್ಮೆ ಪುಸ್ತಕ ತೆಗೆದು ನೋಡು. ಇದಕ್ಕೆ ಜಗಳವಾಡುವ ಶಕ್ತಿ ಈಗ ನನಗಿಲ್ಲ. ನಿನಗೆ ಸರಿ ಅನ್ನಿಸಿದಂತೆ ಮಾಡು, ಆದರೆ ಬೇಗ ಮಾಡು. ಇಂಕು ಮುಗಿದ ಮೇಲೆ ಪುಟಗಳು ನನಗೆ ಬರಲಿ, ನೋಡಿ ಮಾಲ್ಮೊಗೆ ಕಳಿಸುತ್ತೇನೆ. ಮಾರ್ಚ್ ಆದ ಮೇಲೆ ನನಗೆ ಕೂತು ಬರೆಯುವ ಸಮಯ ಸಿಗುವುದು ಕಷ್ಟ.

ಓಂಗೆ ಜ್ವರ. ಮತ್ತೆ ಬರೆಯುತ್ತೇನೆ.

ಲಾವಣ್ಯಾ


ಲುಲೆಯೊ
28 ಫೆಬ್ರವರಿ 2025

ಲಾವಣ್ಯಾ ಅಕ್ಕ,

ಪುಸ್ತಕ ತೆಗೆದು ನೋಡು ಎಂದಿರಿ. ನೋಡಿದೆ. ಓರೆಬ್ರೂದಿಂದ ಹಳೆಯ ಸ್ವೀಡಿಷ್ ಸಂಪುಟಗಳನ್ನು ಇಲ್ಲಿನ ಗ್ರಂಥಾಲಯಕ್ಕೆ ತರಿಸಿಕೊಂಡು ಒಂದೊಂದೇ ಹಾಳೆ ತಿರುಗಿಸಿದೆ. ಎಡಗೈ. ಮೊದಲಿನಿಂದ ಕೊನೆಯ ತನಕ ಎಡಗೈ. ನೀವು ನೋಡಿಲ್ಲ ಎಂದರೆ ನಂಬಲಿ ಹೇಗೆ? ನೋಡಲು ಇಷ್ಟವಿರಲಿಲ್ಲ ಎಂದರೆ ನಂಬಿಯೇನು.

ನನಗೆ ಸರಿ ಅನ್ನಿಸಿದಂತೆ ಮಾಡಲು ಹೇಳಿದಿರಿ, ಮಾಡಿದ್ದೇನೆ. ನಿಮ್ಮ ಪುಟಗಳನ್ನು ಅಡಿಯಿಂದ ಬೆಳಕು ಬರುವ ಲೈಟ್ ಬಾಕ್ಸಿನ ಮೇಲೆ ಬೋರಲು ಹಾಕಿ, ಮೇಲೆ ಹೊಸ ಹಾಳೆ ಇಟ್ಟು, ಹಿಂಬದಿಯಿಂದ ಕಾಣುವ ಗೆರೆಗಳ ಮೇಲೆ ಇಂಕು ಎಳೆದೆ. ಬಲ ಎಡವಾಯಿತು. ಎಂಟು ಪುಟಗಳೂ ಹಾಗೆಯೇ. ಓದುವ ದಿಕ್ಕೂ ನಮ್ಮ ಗ್ರಂಥಾಲಯದ ಪುಸ್ತಕದಂತೆಯೇ ಎಡದಿಂದ ಬಲಕ್ಕೆ ಬಂತು. ನಿಮ್ಮ ಒಂದು ಗೆರೆಯನ್ನೂ ಬಿಟ್ಟಿಲ್ಲ, ಎಲ್ಲವೂ ಬದುಕಿವೆ, ತಮ್ಮ ನಿಜವಾದ ಕೈಗೆ ಮರಳಿವೆ.

ನಿಮಗೆ ತೋರಿಸಿ ಕಳಿಸಬೇಕಿತ್ತು. ನೀವು ಮತ್ತೆ ಹಿಂಜರಿಯುತ್ತೀರಿ, ದಿನ ಸರಿದುಹೋಗುತ್ತದೆ ಎಂದು ನೇರವಾಗಿ ಮಾಲ್ಮೊಗೇ ಹಾಕಿದೆ. ನಾವು ಒಂದು ಸಲವಾದರೂ ಅಪ್ಪಣೆ ಕೇಳದೆ ನಿಲ್ಲಬೇಕು. ನಾವು ಗೆದ್ದೆವು, ಅಕ್ಕ. ನಿಮಗೆ ಈಗ ಸಿಟ್ಟು ಬಂದರೂ ಪುಸ್ತಕ ಕೈಗೆ ಬಂದ ದಿನ ಒಪ್ಪುತ್ತೀರಿ.

ಇಳಾ


ಲುಲೆಯೊ
15 ಮಾರ್ಚ್ 2025

ಅಕ್ಕ,

ಇವತ್ತು ಪುಟಗಳಿಗೆ ಕೊನೆಯ ದಿನ. ನಿಮ್ಮಿಂದ ಒಂದು ಸಾಲೂ ಇಲ್ಲ, ಮಾಲ್ಮೊದಿಂದಲೂ ಇಲ್ಲ. ಅವರು ಬರೆಯುವುದು ನಿಮ್ಮ ಇಮೇಲಿಗೆ ಎಂಬುದು ಈಗ ನೆನಪಾಯಿತು. ಅಂಚೆಯವನು ಬರುವ ದಿನಗಳಲ್ಲಿ ತರಗತಿಗೆ ಹೋಗುತ್ತಿಲ್ಲ. ಬಾಗಿಲ ಸಂದಿಯಿಂದ ಅಂಗಡಿಗಳ ಜಾಹೀರಾತು ಬೀಳುವ ಸದ್ದಿಗೂ ಏಳುತ್ತೇನೆ.

ನಿನ್ನೆ ಮಾಡಬಾರದ್ದನ್ನು ಮಾಡಿದೆ. ಪಕ್ಕದ ಕೋಣೆಯ ಅಹನಾಳ ಬಳಿ ಫೋನ್ ಕೇಳಿದೆ. “ಏನಮ್ಮ ಕಾಮ್ರೇಡ್, ಕ್ರಾಂತಿ ಕ್ಯಾನ್ಸಲ್ಲಾ?” ಎಂದು ನಕ್ಕಳು, ಆಮೇಲೆ ನನ್ನ ಮುಖ ನೋಡಿ ಕೊಟ್ಟಳು. ನೀವು ಬರೆದುಕೊಟ್ಟಿದ್ದ ಸಂಖ್ಯೆ ಒತ್ತಿದೆ. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಒಂದು ಹೆಂಗಸಿನ ದನಿ ಸ್ವೀಡಿಷಿನಲ್ಲಿ ಹೇಳಿತು. ಎರಡನೇ ಸಲವೂ ಅದನ್ನೇ ಹೇಳಿತು.

ನನ್ನಿಂದ ತಪ್ಪಿಸಿಕೊಳ್ಳಲು ಸಂಖ್ಯೆ ಬದಲಿಸುವಷ್ಟು ಕೋಪವೇ? ಹಾಗಿದ್ದರೆ ಅದನ್ನಾದರೂ ಬರೆಯಿರಿ. ಬೈಗುಳ ಓದಬಲ್ಲೆ, ಖಾಲಿ ಹೊಸ್ತಿಲನ್ನು ಓದುವುದು ನನಗೆ ಬರುವುದಿಲ್ಲ.

ಇಳಾ


ಸೊಲ್ಲೆಂಟುನಾ
20 ಮಾರ್ಚ್ 2025

ಇಳಾ,

ಆ ಸಂಖ್ಯೆ ಆಫೀಸಿನದು. ಫೋನನ್ನು ಆಫೀಸಿಗೆ ವಾಪಸ್ ಕೊಟ್ಟೆ. ಲ್ಯಾಪ್‌ಟಾಪ್, ಪಾಸ್ ಕಾರ್ಡ್ ಎಲ್ಲವನ್ನೂ ಕೊಟ್ಟೆ. ನವೆಂಬರಿನಲ್ಲೇ ಹೇಳಿದ್ದರು, ಜನವರಿ ಕೊನೆಗೆ ನನ್ನ ಕೆಲಸ ಮುಗಿಯಿತು. ನಿನಗೆ ಬರೆದ ಮೀಟಿಂಗುಗಳು ಸುಳ್ಳಲ್ಲ, ನಾನು ಮಾಡುತ್ತಿದ್ದ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವ ಮೀಟಿಂಗುಗಳು. ಕೆಲಸ ಹೋದ ಮೇಲೆ ಮೂರು ತಿಂಗಳೊಳಗೆ ಇನ್ನೊಂದು ಸಿಗದಿದ್ದರೆ ಈ ದೇಶದಲ್ಲಿ ಇರಲು ಕೊಟ್ಟ ಪರ್ಮಿಟ್ ಹೋಗುತ್ತದೆ. ಅವಿನಾಶನದು, ಓಂನದು ನನ್ನ ಪರ್ಮಿಟ್ಟಿಗೆ ಅಂಟಿಕೊಂಡಿವೆ. ಈ ತಿಂಗಳೆಲ್ಲ ಗೋಥೆನ್‌ಬರ್ಗ್, ಲಿನ್‌ಶಾಪಿಂಗ್ ಎಂದು ಇಂಟರ್‌ವ್ಯೂಗೆ ಅಲೆದೆ. ಕೊನೆಯದೂ ಮೊನ್ನೆ ಇಲ್ಲ ಅಂದಿತು. ಏಪ್ರಿಲ್ ಕೊನೆಗೆ ನಾವು ಬೆಂಗಳೂರಿಗೆ ಹೊರಡುತ್ತೇವೆ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಕರಪತ್ರ ಬರೆಯುತ್ತಿದ್ದೆ. ಮನೆಯಲ್ಲಿ, ಫೋನಿನಲ್ಲಿ, ಸ್ನೇಹಿತರ ಊಟದಲ್ಲಿ ಎಲ್ಲ ಕಡೆ ಪರ್ಮಿಟ್ಟಿನದೇ ಮಾತು. ಅದು ಗೊತ್ತಿಲ್ಲದೆ ನನ್ನನ್ನು ಬರೀ ಚಿತ್ರದ ಬಗ್ಗೆ ಕೇಳುವ ಒಬ್ಬರು ನನಗೆ ಬೇಕಿತ್ತು.

ಈಗ ಪುಟಗಳ ವಿಷಯ. ಸಂಪಾದಕರ ಇಮೇಲ್ ಹತ್ತನೇ ತಾರೀಖೇ ಬಂದಿತ್ತು. ನಾನು ತೆರೆದದ್ದು ನಿನ್ನೆ. ಅವರಿಗೆ ಪುಟಗಳು ತುಂಬ ಹಿಡಿಸಿವೆ, ಆದರೆ ಅಚ್ಚು ಹಾಕಲು ಆಗುವುದಿಲ್ಲ. ಎಂಬತ್ತರ ದಶಕದಲ್ಲಿ ಇಲ್ಲಿನವರು ಓದಲು ಸುಲಭವಾಗಲಿ ಎಂದು ‘ಉಪ್ಪುಗೋಡೆ’ಯ ಪ್ರತಿ ಪುಟವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿದ್ದರಂತೆ. ನೀನು ಓದಿದ್ದು ಅದು. ಇಸೊನೆ ಬಲಗೈಯವಳು. ಜಪಾನಿನಲ್ಲಿ ಕಿಮೊನೊವನ್ನು ಎಡ ಸೆರಗು ಮೇಲೆ ಬರುವಂತೆ ಉಡುತ್ತಾರೆ. ಬಲ ಸೆರಗು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ ಮಾತ್ರ. ಸ್ವೀಡಿಷ್ ಪ್ರತಿ ನೋಡಿದ ‘ಉಪ್ಪುಗೋಡೆ’ಯ ಮೂಲ ಚಿತ್ರಕಾರ್ತಿ, ನನ್ನ ಹುಡುಗಿಗೆ ಹೆಣದ ಉಡುಪು ಉಡಿಸಿದ್ದಾರೆ ಎಂದು ಅತ್ತರಂತೆ. ಅವರು ತೀರಿಕೊಂಡ ಮೇಲೆ ಮಗಳು ಈ ಸಂಪುಟಕ್ಕೆ ಹಾಕಿದ ಷರತ್ತು ಒಂದೇ: ತಿರುಗಿಸಿದ ಚಿತ್ರ ಕೂಡದು. ನೀನು ಎಂಟು ಪುಟಗಳಲ್ಲಿ ಮತ್ತೆ ಅದೇ ಉಡುಪು ಉಡಿಸಿದ್ದೀಯ.

ಏಪ್ರಿಲ್ ಹತ್ತರ ತನಕ ಕಾಯುತ್ತಾರೆ. ನನ್ನ ಪೆನ್ಸಿಲ್ ಪುಟಗಳು ನಿನ್ನ ಹತ್ತಿರ ಇವೆ. ಹೊಸದಾಗಿ ಬರೆಯೋಣವೆಂದರೆ ಅಡುಗೆಮನೆಯ ಮೇಜನ್ನು ಮಾರಿ ಆಗಿದೆ, ನೆಲದ ತುಂಬ ಪೆಟ್ಟಿಗೆಗಳು.

ನಿನ್ನ ಪತ್ರಗಳಲ್ಲಿ ‘ನಾವು’ ಎಂಬ ಪದ ಬಹಳ ಬರುತ್ತದೆ, ಇಳಾ. ಆ ನಾವಿನಲ್ಲಿ ನಾನೂ ಇದ್ದರೆ, ಕಳಿಸುವ ಮುಂಚೆ ಒಂದು ಮಾತು ಕೇಳಬಹುದಿತ್ತು.

ಲಾವಣ್ಯಾ


ಲುಲೆಯೊ
28 ಮಾರ್ಚ್ 2025

ಅಕ್ಕ,

ನಿಮ್ಮ ಪತ್ರ ಓದಿ ನೇರವಾಗಿ ಗ್ರಂಥಾಲಯಕ್ಕೆ ಹೋಗಿ ಹೊಸ ಮುದ್ರಣ ಕೇಳಿದೆ. ಬಲದಿಂದ ತೆರೆದೆ. ಅವಳೇ ಇದ್ದಳು, ಬಲಗೈಯಲ್ಲಿ. ಮಾಂಗಾ ಬಲದಿಂದ ಓದುವಂಥದ್ದು ಎಂಬುದು ನನಗೆ ಗೊತ್ತಿತ್ತು. ಹಳೆಯ ಮುದ್ರಣದಲ್ಲಿ ಚೌಕಗಳ ಜಾಗ ಬದಲಿಸಿರುತ್ತಾರೆ ಅಂದುಕೊಂಡಿದ್ದೆ. ಮೈಯನ್ನೇ ತಿರುಗಿಸುತ್ತಾರೆ ಎಂದು ಯೋಚಿಸಲೇ ಇಲ್ಲ. ಒಂಬತ್ತನೇ ವಯಸ್ಸಿನಲ್ಲಿ ನಂಬಿದ ಕೈಯನ್ನು ಯಾರು ಅನುಮಾನಿಸುತ್ತಾರೆ?

ಮೊದಲ ದಿನ ನಾನು ಒಳ್ಳೆಯವಳಾಗಿರಲಿಲ್ಲ. ಅಚ್ಚಿನಮನೆಯ ಅನುಕೂಲದಿಂದ ಹುಟ್ಟಿದವಳಾದರೂ ನನ್ನ ಇಸೊನೆಯೂ ನಿಜ, ಅವಳನ್ನು ಬಿಟ್ಟುಕೊಡುವುದಿಲ್ಲ, ಪುಟಗಳು ಅಚ್ಚಾಗದಿದ್ದರೆ ಬೇಡ ಎಂದು ಸಂಪಾದಕರಿಗೆ ಒಂದು ಪತ್ರ ಬರೆದೆ. ಚೆನ್ನಾಗಿಯೇ ಇತ್ತು. ಎರಡನೇ ಸಲ ಓದುವಾಗ ಕಂಡಿತು, ಅದರಲ್ಲಿ ನಿಮ್ಮ ಹೆಸರು ಒಂದು ಕಡೆಯೂ ಇರಲಿಲ್ಲ. ಹರಿದು ಹಾಕಿದೆ.

ನೀವು ಕೆಲಸ ಕಳೆದುಕೊಂಡು ಓಡಾಡುತ್ತಿದ್ದಾಗ ನಾನು ನಿಮಗೆ ದಬ್ಬಾಳಿಕೆಯ ಪಾಠ ಹೇಳುತ್ತಿದ್ದೆ. ಇದಕ್ಕೆ ಯಾವ ಕಿರುಹೊತ್ತಿಗೆಯಲ್ಲೂ ಪದವಿಲ್ಲ. ನೀವು ಹೇಳಿದ್ದು ಸರಿ, ನಾನು ಕರಪತ್ರವನ್ನೇ ಬರೆಯುತ್ತಿದ್ದೆ. ಈಗಲೂ ಕೈ ತುರಿಸುತ್ತಿದೆ, ಬರೆಯುವುದಿಲ್ಲ.

ಪೆನ್ಸಿಲ್ ಪುಟಗಳನ್ನು ಈ ಸಲ ಮುಖ ಮೇಲೆ ಮಾಡಿ ಇಟ್ಟು ಇಂಕು ಶುರುಮಾಡಿದೆ. ಅವಳ ಮುಷ್ಟಿ ಬರಲಿಲ್ಲ. ನೀವು ಕೈಗಳನ್ನು ನಾಲ್ಕು ಗೆರೆಯಲ್ಲಿ ಸೂಚಿಸಿ ಬಿಡುತ್ತೀರಿ, ಬೆರಳು ತುಂಬುವುದು ನನ್ನ ಪಾಲು. ಬಲಗೈ ಒಂದು ಕತ್ತಿಯನ್ನು ಹೇಗೆ ಹಿಡಿಯುತ್ತದೆ ಎಂದು ನನ್ನ ಮೈಗೆ ಗೊತ್ತಿಲ್ಲ. ಕತ್ತಿಯ ಬದಲು ಪೊರಕೆಯೊಂದನ್ನು ನನ್ನ ಬಲಗೈಯಲ್ಲಿ ಹಿಡಿದು ನೋಡಿದರೆ ಅದು ಪೊರಕೆಯಾಗಿಯೇ ಉಳಿಯಿತು. ಹಾಳೆಗಳು ಹಾಳಾದವು. ಕೊನೆಗೆ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹೋದೆ, ಅಲ್ಲಿ ಗೋಡೆಯಗಲ ಕನ್ನಡಿ ಇದೆ. ಪೊರಕೆಯನ್ನು ನನಗೆ ಬರುವ ಕೈಯಲ್ಲೇ ಹಿಡಿದು ನಿಂತೆ. ಎದುರಿಗಿದ್ದವಳು ಬಲಗೈಯಲ್ಲಿ ಹಿಡಿದಿದ್ದಳು. ಬಟ್ಟೆ ತೆಗೆಯಲು ಬಂದ ಹುಡುಗನೊಬ್ಬ ನನ್ನನ್ನು ನೋಡಿ ವಾಪಸ್ ಹೋದ. ನಾನು ಅಲ್ಲೇ ಯಂತ್ರದ ಮೇಲೆ ಹಾಳೆ ಇಟ್ಟು ಎಂಟು ಪುಟಗಳ ಕೈಗಳನ್ನೂ ಕನ್ನಡಿ ನೋಡಿ ಬರೆದೆ.

ಪುಟಗಳು ಇದರೊಳಗಿವೆ. ಮಾಲ್ಮೊದ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಇನ್ನೊಂದು ಲಕೋಟೆಯೂ ಇದೆ. ನಾನು ಕಳಿಸುವುದಿಲ್ಲ. ನೀವು ನೋಡಿ, ಒಪ್ಪಿಗೆಯಾದರೆ ಕಳಿಸಿ, ಇಲ್ಲವೆಂದರೆ ಬೇಡ. ಬಿಳಿ ಇಂಕಿನ ಬಾಟಲಿಯನ್ನೂ ಇಟ್ಟಿದ್ದೇನೆ, ಎಲ್ಲಿ ಬೇಕಾದರೂ ತಿದ್ದಿ. ಈ ಪೊಟ್ಟಣ ಹತ್ತರೊಳಗೆ ನಿಮ್ಮನ್ನು ದಾಟಿ ಮಾಲ್ಮೊ ಮುಟ್ಟುವುದೋ ಇಲ್ಲವೋ ಗೊತ್ತಿಲ್ಲ. ಆದರೂ ನಿಮ್ಮನ್ನು ಬಿಟ್ಟು ಹೋಗುವ ಹತ್ತಿರದ ದಾರಿ ನನಗೆ ಬೇಡ.

ಇಳಾ


ಸೊಲ್ಲೆಂಟುನಾ
4 ಏಪ್ರಿಲ್ 2025

ಇಳಾ,

ಪುಟಗಳು ನಿನ್ನೆ ಬಂದವು. ಪೆಟ್ಟಿಗೆಗಳ ಮೇಲೆ ಸಾಲಾಗಿ ಹಾಕಿದೆವು. ಅವಿನಾಶ್ ರೇಗಿಸಲಿಲ್ಲ, ಬಹಳ ಹೊತ್ತು ನೋಡಿದ. ಹಿಮದ ಮೇಲೆ ಅವಳ ಉಸಿರನ್ನು ನೀನು ನಿಬ್ಬಿನ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಬಿಟ್ಟಿದ್ದೀಯಲ್ಲ, ಅದನ್ನು ನಾನು ಪೆನ್ಸಿಲಿನಲ್ಲಿ ಬರೆದೇ ಇರಲಿಲ್ಲ.

ಆರನೇ ಪುಟದ ದೊಡ್ಡ ಚೌಕದಲ್ಲಿ ಮಾತ್ರ ಅವನು ಬೆರಳಿಟ್ಟ. “ಈ ಹೆಬ್ಬೆರಳು ಯಾಕೋ ಒಂಥರಾ ಇದೆ ಅಲ್ವಾ?” ನಿಜ. ಮೂಲದಲ್ಲಿ ಇಸೊನೆ ಹೆಬ್ಬೆರಳನ್ನು ಹಿಡಿಯ ಸುತ್ತ ಮಡಚಿ ಹಿಡಿಯುತ್ತಾಳೆ. ನಿನ್ನವಳು ಅದನ್ನು ಕತ್ತಿಯ ಬೆನ್ನ ಮೇಲೆ ಉದ್ದಕ್ಕೆ ಮಲಗಿಸಿದ್ದಾಳೆ, ನೀನು ಪೆನ್ನು ಹಿಡಿಯುತ್ತೀಯಲ್ಲ, ಹಾಗೆ. ಕೈ ಬಲಗೈಯೇ, ಹಿಡಿತ ಮಾತ್ರ ನಿನ್ನದು.

“ವೈಟ್ ಹಾಕಿ ಸರಿ ಮಾಡ್ಬಿಡು, ಹತ್ತು ನಿಮಿಷದ ಕೆಲ್ಸ. ಆ ಆರ್ಟಿಸ್ಟ್ ಮಗಳು ನೋಡಿ ಮತ್ತೆ ಬೇಡ ಅಂದ್ರೆ?” ಎಂದ. ಬಾಟಲಿಯ ಮುಚ್ಚಳ ತೆಗೆದೆ, ಬ್ರಷ್ ಅದ್ದಿದೆ. ಒಂದು ಸಲ ಈ ದೇಶದ ಬಾರ್ಡರ್ ದಾಟಿ ಹೋದ ಮೇಲೆ ಇದನ್ನು ಮತ್ತೆ ಬರೆಯಲು ನನಗಾಗುವುದಿಲ್ಲ, ಇದು ಹೋದರೆ ಹೋಯಿತು. ಇದೆಲ್ಲ ನನಗೆ ಗೊತ್ತಿತ್ತು. ಬ್ರಷ್‌ನಿಂದ ಒಂದು ಹನಿ ಹಳೆಯ ಪೇಪರಿನ ಮೇಲೆ ಬಿತ್ತು. ಮುಚ್ಚಳ ಹಾಕಿದೆ. ಆ ಹೆಬ್ಬೆರಳನ್ನು ಅಳಿಸಿದರೆ ಇದು ಬಲು ಚೆನ್ನಾಗಿ ನಕಲು ಮಾಡಿದ ಪುಟ ಅಷ್ಟೇ.

ಅವಿನಾಶ್, “ನೀವಿಬ್ರೂ ಒಂದೇ ಥರ ಹುಚ್ಚರು” ಎಂದು ಟೇಪ್ ಹುಡುಕಲು ಎದ್ದ.

ಇವತ್ತು ಬೆಳಗ್ಗೆ ಸೆಂಟ್ರಮ್ ಪೇಟೆಯ ದಿನಸಿ ಅಂಗಡಿಯ ಅಂಚೆ ಕೌಂಟರಿನಲ್ಲಿ ಕೊಟ್ಟು ಬಂದೆ. ಸಾದಾ ಅಂಚೆ ಬೇಡ ಎಂದು ರಿಜಿಸ್ಟರ್ ಮಾಡಿಸಿದೆ. ಕೌಂಟರಿನ ಹುಡುಗಿ ಕಳಿಸುವವರ ವಿಳಾಸ ಕೇಳಿದಳು. ಪೆನ್ನು ಹಿಡಿದು ನಿಂತೆ. ಮಾಲ್ಮೊದವರು ಒಪ್ಪಿದರೂ, ವಾಪಸ್ ಕಳಿಸಿದರೂ, ಆ ಹೊತ್ತಿಗೆ ನಮ್ಮ ಬಾಗಿಲ ಮೇಲೆ ಬೇರೆ ಯಾರದೋ ಹೆಸರು ಇರುತ್ತದೆ. ನಿನ್ನ ವಿಳಾಸ ಬರೆದೆ. ನಿನ್ನನ್ನು ಕೇಳಲಿಲ್ಲ.

ಲಾವಣ್ಯಾ